ತೆಂಗಿನ ಸೀಮೆಯ ಮತದಾರರು ಸರ್ಕಾರದಿಂದ ಬಯಸುವ ಏರ್ಪಾಡುಗಳು

ಮೈಸೂರು ದೇಶದಲ್ಲಿ ಪ್ರಜೆಗಳು ತಮಗೆ ಬೇಕಾದುದನ್ನು ಸರ್ಕಾರದ ಮುಂದೆ ಅರಿಕೆಮಾಡಿಕೊಳ್ಳುವ ಪದ್ಧತಿಯು ಇಂದು ನಿನ್ನೆ ಹುಟ್ಟಿದುದಲ್ಲ. 1881ನೆಯ ಇಸವಿ ಅಕ್ಟೋಬರ್ 7ನೆಯ ತಾರೀಖು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೊದಲ ಬಾರಿಗೆ ಸೇರಿದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಸದಸ್ಯರು ಬಂದಿದ್ದರು. ಅವರೆಲ್ಲರೂ ಬಹುಮಟ್ಟಿಗೆ ಭೂಮಾಲೀಕರು ಮತ್ತು ವರ್ತಕರು. ಮಾತನಾಡುವ ಅಧಿಕಾರವು ಆಗ ಕೆಲವರಿಗೆ ಮಾತ್ರ ಇದ್ದಿತು. ಇಂದಾದರೋ 18 ವರ್ಷ ತುಂಬಿದ ಪ್ರತಿಯೊಬ್ಬ ಸ್ತ್ರೀಪುರುಷನಿಗೂ ಮತದ ಹಕ್ಕು ಉಂಟು. ಹಕ್ಕು ಹೀಗೆ ವಿಸ್ತಾರವಾಗಿದ್ದರೂ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳುವ ಅಭ್ಯಾಸವು ಅದೇ ಪ್ರಮಾಣದಲ್ಲಿ ಬೆಳೆದಿಲ್ಲ. "ಬೆಲೆ ಕೊಡಿರಿ" ಎಂದಷ್ಟೇ ಕೇಳಿದರೆ, "ಕೊಟ್ಟಿದ್ದೇವೆ" ಎಂಬ ಉತ್ತರವು ಸುಲಭವಾಗಿ ಬರುವುದು. ಯಾವ ಕಾಲದಲ್ಲಿ, ಯಾವ ಕ್ರಮದಿಂದ, ಎಷ್ಟರಮಟ್ಟಿಗೆ ಎಂಬುದನ್ನು ಬಿಡಿಸಿ ಕೇಳಿದಾಗ ಮಾತ್ರ ಉತ್ತರವೂ ಕಾರ್ಯರೂಪವಾಗಿ ಬರುವುದು.

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ವಿಚಾರವು ವಿಶೇಷವಾಗಿ ಗಮನಿಸತಕ್ಕದ್ದು. 2023ನೆಯ ಮೇ ತಿಂಗಳಿನಲ್ಲಿ ನಡೆದ ವಿಧಾನಸಭೆಯ ಚುನಾವಣೆಯಲ್ಲಿ ಈ ಮೂರು ಕ್ಷೇತ್ರಗಳಲ್ಲಿಯೂ ಅದುವರೆಗೆ ಇದ್ದ ಸದಸ್ಯರು ಬದಲಾದರು. ಅದಕ್ಕೆ ಕಾರಣಗಳು ಹಲವಾಗಿರಬಹುದು. ಅವುಗಳ ವಿಚಾರಣೆಯು ಈ ಪತ್ರಿಕೆಯ ಕೆಲಸವಲ್ಲ. ಆದರೆ ಆ ವರ್ಷದಲ್ಲಿ ಈ ಸೀಮೆಯ ಸಂತೆ, ಮಂಡಿ, ಗ್ರಾಮಸಭೆಗಳಲ್ಲೆಲ್ಲಾ ಎದ್ದ ಮಾತು ಒಂದೇ ಆಗಿದ್ದಿತು. ಅದು ಕೊಬ್ಬರಿಯ ಮಾತು. ಆ ಮಾತಿನ ಒಳಗಿರುವ ನ್ಯಾಯವಾದ ಬೇಡಿಕೆಗಳಾವುವು, ಅವು ಸಾಧ್ಯವೇ, ಅವುಗಳಿಗಾಗಿ ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಕಡೆಯಿಂದ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

ಕೊಬ್ಬರಿಯ ಕಾಲಗಣನೆ

ರಾಗಿಯನ್ನು ಬೆಳೆಯುವವನು ಈ ವರ್ಷ ಬೆಲೆಯಿಲ್ಲದಿದ್ದರೆ ಮುಂದಿನ ವರ್ಷ ಹುರುಳಿಯನ್ನೋ ಅವರೆಯನ್ನೋ ಬಿತ್ತಬಲ್ಲನು. ತೆಂಗಿನ ತೋಟವುಳ್ಳವನಿಗೆ ಆ ಸ್ವಾತಂತ್ರ್ಯವಿಲ್ಲ. ಸಸಿಯನ್ನು ನೆಟ್ಟು ಆರೇಳು ವರ್ಷ ಕಾದ ಮೇಲೆಯೇ ನಾಡತಳಿಯ ಮರವು ಮೊದಲ ಫಸಲನ್ನು ಕೊಡುವುದು. ಅಲ್ಲಿಂದ ಮುಂದೆ ಅದು ಎರಡು ತಲೆಮಾರುಗಳ ಆಸ್ತಿ. "ಹೆತ್ತ ಮಕ್ಕಳು ಕೈಬಿಟ್ಟರೂ ತೆಂಗಿನ ಮರ ಕೈಬಿಡುವುದಿಲ್ಲ" ಎಂಬ ಗಾದೆಯು ನಿಜ. ಆದರೆ ಮರವು ಕೈಬಿಡದಿದ್ದರೂ ಮಾರುಕಟ್ಟೆಯು ಕೈಬಿಡುವುದುಂಟು.

ಕೇರಳ ಮತ್ತು ತಮಿಳುನಾಡುಗಳಲ್ಲಿ ಹೆಚ್ಚಾಗಿ ತಯಾರಾಗುವುದು ಎಣ್ಣೆ ತೆಗೆಯುವ ಹೋಳು ಕೊಬ್ಬರಿ. ಕಾಯಿಯನ್ನು ಒಡೆದು ಬಿಸಿಲಿನಲ್ಲಿಯೋ ಒಲೆಯ ಶಾಖದಲ್ಲಿಯೋ ಒಣಗಿಸಿದರೆ ಕೆಲವೇ ದಿನಗಳಲ್ಲಿ ಅದು ಸಿದ್ಧವಾಗುವುದು. ತಿಪಟೂರು ಸೀಮೆಯದು ಉಂಡೆ ಕೊಬ್ಬರಿ. ಇದನ್ನು ಉತ್ತರ ದೇಶದ ಜನರು ಪೂಜೆಗೂ ಸಿಹಿತಿಂಡಿಗಳಿಗೂ ಒಣಹಣ್ಣಿನ ಹಾಗೆ ತಿನ್ನುವುದಕ್ಕೂ ಕೊಳ್ಳುತ್ತಾರೆ. ಹೊಂಬಾಳೆ ಒಡೆದ ದಿನದಿಂದ ಕಾಯಿ ಪೂರ್ಣವಾಗಿ ಬಲಿಯುವುದಕ್ಕೆ 11ರಿಂದ 12 ತಿಂಗಳು ಬೇಕು. ಹಾಗೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿದರೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುವುದಕ್ಕೆ ಮತ್ತೆ 8ರಿಂದ 12 ತಿಂಗಳು ಹಿಡಿಯುವುದು. ಅಂದರೆ ಇಂದು ಮಂಡಿಗೆ ಬರುವ ಒಂದು ಉಂಡೆಯು ಎರಡು ವರ್ಷಗಳ ಹಿಂದಿನ ಹೊಂಬಾಳೆಯಿಂದ ಬಂದುದು. ಅಷ್ಟು ಕಾಲ ರೈತನ ದುಡಿಮೆಯೂ ಗೊಬ್ಬರದ ಖರ್ಚೂ ಅಟ್ಟದ ಮೇಲೆ ಕುಳಿತಿರುತ್ತವೆ.

ಇದರಿಂದ ಎರಡು ಪರಿಣಾಮಗಳುಂಟಾಗುತ್ತವೆ. ಒಂದನೆಯದಾಗಿ, ಬೆಲೆ ಬಿದ್ದಿತೆಂದು ತಿಳಿದ ಕೂಡಲೇ ಉತ್ಪನ್ನವನ್ನು ಕಡಮೆಮಾಡುವ ಶಕ್ತಿಯು ಬೆಳೆಗಾರನಿಗಿಲ್ಲ. ಎರಡನೆಯದಾಗಿ, ಕೊಬ್ಬರಿಯು ವರ್ಷದ ಎಲ್ಲಾ ತಿಂಗಳುಗಳಲ್ಲಿಯೂ ಸ್ವಲ್ಪಸ್ವಲ್ಪವಾಗಿ ಸಿದ್ಧವಾಗುತ್ತಿರುತ್ತದೆ. ಯಾವನ ಅಟ್ಟದಲ್ಲಿ ಯಾವ ತಿಂಗಳಿನಲ್ಲಿ ಕಾಯಿ ಗಿಟುಕಾಗುವುದೆಂಬುದು ಅವನು ಅದನ್ನು ಯಾವಾಗ ಕೀಳಿಸಿದನೆಂಬುದರ ಮೇಲೆ ನಿಂತಿದೆ. ಆದುದರಿಂದ ಭತ್ತ, ರಾಗಿಗಳಂತೆ "ಸುಗ್ಗಿಯ ಕಾಲ" ಎಂಬ ಒಂದು ಗೊತ್ತಾದ ಅವಧಿಯು ಕೊಬ್ಬರಿಗೆ ಇಲ್ಲ. ಮುಂದೆ ಹೇಳತಕ್ಕ ವಿಷಯಗಳಿಗೆಲ್ಲಾ ಇದೇ ಆಧಾರ.

ಈಗ ಇರುವ ಏರ್ಪಾಡು

ಬೆಳೆಗಾರರ ರಕ್ಷಣೆಗೆ ಏನೂ ಇಲ್ಲವೆಂದು ಹೇಳುವುದು ಸರಿಯಲ್ಲ. ಬೆಳೆಗಳ ಬೆಲೆಯನ್ನು ಕುರಿತು ಸಲಹೆ ಕೊಡುವ ಆಯೋಗವನ್ನು ಭಾರತ ಸರ್ಕಾರದವರು 1965ನೆಯ ಜನವರಿಯಲ್ಲಿ ಸ್ಥಾಪಿಸಿದರು. ಈ ಆಯೋಗದ ಶಿಫಾರಸಿನ ಮೇಲೆ ಕೊಬ್ಬರಿಗೂ ವರ್ಷವರ್ಷವೂ ಕನಿಷ್ಠ ಬೆಂಬಲ ಬೆಲೆಯು ಗೊತ್ತಾಗುತ್ತದೆ. ಸಾಮಾನ್ಯವಾಗಿ ಡಿಸೆಂಬರ್ ತಿಂಗಳಿನಲ್ಲಿ ಮುಂದಿನ ವರ್ಷದ ಬೆಲೆಯನ್ನು ಪ್ರಕಟಿಸುವರು. ಮಾರುಕಟ್ಟೆಯ ದರವು ಇದಕ್ಕಿಂತ ಕೆಳಗಿಳಿದರೆ, 1958ರಲ್ಲಿ ಸ್ಥಾಪಿತವಾದ ನಾಫೆಡ್ ಎಂಬ ರಾಷ್ಟ್ರೀಯ ಕೃಷಿ ಸಹಕಾರ ಮಾರಾಟ ಮಹಾಮಂಡಳವೇ ಮೊದಲಾದ ಸಂಸ್ಥೆಗಳು ಖರೀದಿಗೆ ಬರುವುದು ಪದ್ಧತಿ.

ಉಂಡೆ ಕೊಬ್ಬರಿಯ ಬೆಂಬಲ ಬೆಲೆಯು 2014ರಲ್ಲಿ ಕ್ವಿಂಟಲಿಗೆ 5,500 ರೂಪಾಯಿ ಇದ್ದಿತು. ಅದು 2023ನೆಯ ಸಾಲಿಗೆ 11,750, 2024ಕ್ಕೆ 12,000, 2025ಕ್ಕೆ 12,100, 2026ಕ್ಕೆ 12,500 ರೂಪಾಯಿಗಳಾಯಿತು. 2023ನೆಯ ಸಾಲಿನಲ್ಲಿ ದೇಶದಾದ್ಯಂತ 1.33 ಲಕ್ಷ ಟನ್ನುಗಳಿಗೂ ಮೇಲ್ಪಟ್ಟು ಕೊಬ್ಬರಿಯನ್ನು 1,493 ಕೋಟಿ ರೂಪಾಯಿ ಕೊಟ್ಟು ಕೊಂಡುದಾಗಿಯೂ, ಇದರಿಂದ ಸುಮಾರು 90,000 ರೈತರಿಗೆ ಪ್ರಯೋಜನವಾಯಿತೆಂದೂ ಭಾರತ ಸರ್ಕಾರದವರು ಪ್ರಕಟಿಸಿದ್ದಾರೆ. 2024ನೆಯ ಸಾಲಿನ ಖರೀದಿಗೆ ರಾಜ್ಯ ಸರ್ಕಾರದವರು ತಮ್ಮ ಬೊಕ್ಕಸದಿಂದ ಕ್ವಿಂಟಲಿಗೆ 1,500 ರೂಪಾಯಿ ಪ್ರೋತ್ಸಾಹಧನವನ್ನೂ ಸೇರಿಸಿದರು. ಇವೆಲ್ಲವೂ ಉಪಕಾರವೇ ಸರಿ. ಆದರೂ ಬೆಳೆಗಾರರಿಗೆ ತೃಪ್ತಿಯಾಗಲಿಲ್ಲ. ಅದರ ಕಾರಣವು ಬೆಲೆಯ ಅಂಕಿಗಿಂತ ಹೆಚ್ಚಾಗಿ ಖರೀದಿಯ ಕ್ರಮದಲ್ಲಿದೆ.

ಏರ್ಪಾಡು ಎಲ್ಲಿ ಸೋಲುವುದು

2022ರ ಆರಂಭದಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 15,000 ರೂಪಾಯಿಗಳಿಗೂ ಮೇಲಿದ್ದ ಉಂಡೆ ಕೊಬ್ಬರಿಯು 2023ರ ಮಧ್ಯದ ಹೊತ್ತಿಗೆ 8,000 ರೂಪಾಯಿಗಳ ಸಮೀಪಕ್ಕೆ ಇಳಿಯಿತು. ಆ ವರ್ಷದ ಬೆಂಬಲ ಬೆಲೆಯು 11,750 ರೂಪಾಯಿ. ಕ್ವಿಂಟಲಿಗೆ 3,750 ರೂಪಾಯಿಗಳ ಅಂತರ. 15 ಕ್ವಿಂಟಲ್ ಕೊಬ್ಬರಿಯುಳ್ಳ ಸಾಧಾರಣ ಕುಟುಂಬವು ಖರೀದಿ ಕೇಂದ್ರಕ್ಕೆ ಮಾರಲಾಗದೆ ಮಂಡಿಯಲ್ಲಿ ಮಾರಿದ್ದರೆ ಅದಕ್ಕಾದ ನಷ್ಟವು 56,250 ರೂಪಾಯಿ. ಒಂದು ಮದುವೆಯನ್ನು ಮುಂದೆಹಾಕುವುದಕ್ಕೂ, ಸಹಕಾರ ಸಂಘದ ಸಾಲವು ಗಡುವು ಮೀರುವುದಕ್ಕೂ ಇಷ್ಟು ಸಾಕು.

ಖರೀದಿಯು ವರ್ಷವಿಡೀ ನಡೆಯುವುದಿಲ್ಲ. ರಾಜ್ಯದಿಂದ ಪ್ರಸ್ತಾವನೆ ಹೋಗಿ, ಕೇಂದ್ರದಿಂದ ಮಂಜೂರಾತಿ ಬಂದು, ಕೇಂದ್ರಗಳನ್ನು ಗೊತ್ತುಮಾಡಿ, ನೋಂದಣಿ ಮುಗಿದ ಮೇಲೆ ಕೆಲವು ತಿಂಗಳುಗಳ ಮಟ್ಟಿಗೆ ತೂಕ ನಡೆಯುವುದು. ಅಷ್ಟರೊಳಗೆ ಸಾಲಗಾರರ ಒತ್ತಾಯಕ್ಕೆ ಸಿಕ್ಕಿದ ಸಣ್ಣ ರೈತನು ತನ್ನ ಸರಕನ್ನು ಮಾರಿ ಮುಗಿಸಿರುತ್ತಾನೆ. ಅಟ್ಟದಲ್ಲಿ ಕಾಯಿ ಇನ್ನೂ ಗಿಟುಕಾಗದವನು ಕೇಂದ್ರವು ಮುಚ್ಚುವುದನ್ನು ನೋಡುತ್ತಾ ಕುಳಿತಿರಬೇಕಾಗುವುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಇದರ ಫಲ.

2024ರಲ್ಲಿ ಇನ್ನೊಂದು ತೊಡಕು ಕಂಡುಬಂದಿತು. ಕರ್ನಾಟಕಕ್ಕೆ ಮೊದಲು ಮಂಜೂರಾದ ಪ್ರಮಾಣವು 62,500 ಟನ್. ಎಕರೆಗೆ 6 ಕ್ವಿಂಟಲ್, ರೈತನೊಬ್ಬನಿಗೆ ಹೆಚ್ಚೆಂದರೆ 15 ಕ್ವಿಂಟಲ್ ಎಂಬುದು ಮಿತಿ. ಫೆಬ್ರವರಿಯಲ್ಲಿ ನೋಂದಣಿ ಆರಂಭವಾಗಿ ಕೆಲವೇ ದಿನಗಳಲ್ಲಿ ಈ ಪ್ರಮಾಣವು ತುಂಬಿಹೋಯಿತು. ನಿಜವಾದ ಬೆಳೆಗಾರರಲ್ಲದವರ ಹೆಸರುಗಳು ಸೇರಿವೆಯೆಂಬ ದೂರುಗಳು ಬಂದುದರಿಂದ ಆ ನೋಂದಣಿಯನ್ನು ರದ್ದುಪಡಿಸಿ ಮಾರ್ಚ್ ತಿಂಗಳಿನಲ್ಲಿ ಮತ್ತೆ ಹೊಸದಾಗಿ ನಡೆಸಬೇಕಾಯಿತು. ಲೆಕ್ಕಹಾಕಿ ನೋಡಿದರೆ, ಪ್ರತಿಯೊಬ್ಬನೂ 15 ಕ್ವಿಂಟಲ್ ತಂದನೆಂದಿಟ್ಟುಕೊಂಡಲ್ಲಿ 62,500 ಟನ್ನುಗಳು ಸುಮಾರು 41,600 ಮಂದಿಗೆ ಮುಗಿದುಹೋಗುವುವು. ಸಾಲಿನಲ್ಲಿ ಮೊದಲು ನಿಂತವನಿಗೆ ಬೆಂಬಲ ಬೆಲೆ, ಹಿಂದೆ ನಿಂತವನಿಗೆ ಮಂಡಿಯ ಬೆಲೆ ಎಂದಾದರೆ ಅದನ್ನು ಬೆಲೆಯೆನ್ನುವುದಕ್ಕಿಂತ ಅದೃಷ್ಟವೆನ್ನುವುದು ಮೇಲು.

ಮುಂದೆ 2025ರಲ್ಲಿ ಇದೇ ಮಾರುಕಟ್ಟೆಯಲ್ಲಿ ದರವು 20,000 ರೂಪಾಯಿಗಳನ್ನು ದಾಟಿತು. ಇದನ್ನು ಕಂಡು, ತೊಂದರೆಯು ತೀರಿತೆಂದು ಭಾವಿಸಬಾರದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಗಿದ್ದಿತು. ಬರದ ಏಟು ತೆಂಗಿನಲ್ಲಿ ಅದೇ ವರ್ಷ ಕಾಣದೆ ಮುಂದಿನ ಎರಡು ಮೂರು ವರ್ಷಗಳ ಫಸಲಿನಲ್ಲಿ ಕಾಣುವುದು. ಕಾಯಿ ಕಡಮೆಯಾದುದೇ ದರ ಏರಿದುದಕ್ಕೆ ಮುಖ್ಯ ಕಾರಣ. ಮರ ಬರಿದಾದಾಗ ಬೆಲೆ, ಮರ ತುಂಬಿದಾಗ ಬೆಲೆಯಿಲ್ಲ ಎಂಬ ಈ ಏರಿಳಿತವು ಮತ್ತೆ ಬರುವುದೆಂಬುದರಲ್ಲಿ ಸಂದೇಹವಿಲ್ಲ. ಬೆಲೆ ಚೆನ್ನಾಗಿರುವ ಕಾಲವೇ ಕಟ್ಟಳೆಯನ್ನು ಸರಿಪಡಿಸಿಕೊಳ್ಳುವುದಕ್ಕೆ ತಕ್ಕ ಕಾಲ.

ಮುಖ್ಯವಾದ ಬೇಡಿಕೆ: ದರ ಇಳಿದೊಡನೆ ತಾನಾಗಿ ತೆರೆಯುವ ಖರೀದಿ ಕೇಂದ್ರ

ಬೆಳೆಗಾರರು ಕೇಳುತ್ತಿರುವ ಹಲವು ಮಾತುಗಳಲ್ಲಿ ಇದೊಂದು ನೆರವೇರಿದರೆ ಉಳಿದವು ಅರ್ಧ ನೆರವೇರಿದಂತೆಯೇ. ಇದರ ಸ್ವರೂಪವು ಹೀಗಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮುಂತಾದ ಕೊಬ್ಬರಿಯ ಮಾರುಕಟ್ಟೆಗಳ ಪ್ರಾಂಗಣಗಳಲ್ಲಿ ಖರೀದಿ ಕೇಂದ್ರಗಳು ಸ್ಥಿರವಾಗಿ ಇರತಕ್ಕದ್ದು. ಅಲ್ಲಿಯ ಟೆಂಡರ್ ದರವು ಬೆಂಬಲ ಬೆಲೆಗಿಂತ ಕೆಳಗೆ ಗೊತ್ತಾದಷ್ಟು ದಿನ, ಉದಾಹರಣೆಗೆ ಸತತವಾಗಿ ನಾಲ್ಕು ಹರಾಜುಗಳಲ್ಲಿ, ನಿಂತರೆ ಹೊಸ ಅಪ್ಪಣೆಗೆ ಕಾಯದೆ ಖರೀದಿಯು ಆರಂಭವಾಗತಕ್ಕದ್ದು. ದರವು ಮೇಲೇರಿದರೆ ರೈತನು ತಾನಾಗಿಯೇ ಮಂಡಿಗೆ ಹೋಗುವನು, ಕೇಂದ್ರವು ಸುಮ್ಮನಿರುವುದು. ರೈತರ ನೋಂದಣಿಯು ಬೆಲೆ ಬಿದ್ದ ಮೇಲೆ ನೂಕುನುಗ್ಗಲಿನಲ್ಲಿ ನಡೆಯುವುದರ ಬದಲು ವರ್ಷದ ಎಲ್ಲಾ ದಿನಗಳಲ್ಲಿಯೂ ನಿಧಾನವಾಗಿ, ಪರಿಶೀಲನೆಯೊಡನೆ ನಡೆಯತಕ್ಕದ್ದು. ಕೇಂದ್ರ ಸರ್ಕಾರದ ಮಂಜೂರಾತಿ ಬರುವವರೆಗೆ ತಡೆಯಾಗದಂತೆ ರಾಜ್ಯದಲ್ಲಿ ಕೊಬ್ಬರಿಗೆಂದೇ ಒಂದು ಆವರ್ತನಿಧಿಯನ್ನು ಮೀಸಲಿಡಬೇಕೆಂಬುದೂ ಇದರ ಒಂದು ಅಂಗ.

ಈ ಬೇಡಿಕೆಗೆ ಕೆಲವು ಆಕ್ಷೇಪಣೆಗಳುಂಟು. ಅವುಗಳನ್ನೂ ನೋಡಬೇಕಾದುದು ನ್ಯಾಯ.

ಮೊದಲನೆಯದು, ಬೊಕ್ಕಸಕ್ಕೆ ಭಾರವೆಂಬುದು. ಭಾರವಿಲ್ಲವೆಂದು ಹೇಳಲಾಗದು. ಆದರೆ ಬೆಲೆ ಬಿದ್ದು ಹಲವು ತಿಂಗಳಾದ ಮೇಲೆ, ಸರಕೆಲ್ಲಾ ಗುಡ್ಡೆಬಿದ್ದಾಗ ಕೊಳ್ಳುವುದಕ್ಕಿಂತ ಇಳಿಯುವಾಗಲೇ ಸ್ವಲ್ಪಸ್ವಲ್ಪ ಕೊಳ್ಳುವುದು ಅಗ್ಗ. ಕೇಂದ್ರವು ಖಂಡಿತವಾಗಿ ತೆರೆಯುವುದೆಂದು ವರ್ತಕರಿಗೆ ಗೊತ್ತಿದ್ದರೆ ಅವರೂ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕೂಗುವುದಿಲ್ಲ. ಆಗ ಸರ್ಕಾರವು ಕೊಳ್ಳಬೇಕಾದ ಪ್ರಮಾಣವೂ ತಗ್ಗುವುದು. 2025ರಂತಹ ವರ್ಷದಲ್ಲಿ ಖರ್ಚು ಕೇಂದ್ರದ ಸಿಬ್ಬಂದಿಯ ಮಟ್ಟಿಗೆ ಮಾತ್ರ.

ಎರಡನೆಯದು, ಕೊಂಡ ಕೊಬ್ಬರಿಯು ಉಗ್ರಾಣದಲ್ಲಿ ಕೆಡುವುದೆಂಬುದು. ಇದು ನಿಜವಾದ ತೊಂದರೆ. ಉಂಡೆ ಕೊಬ್ಬರಿಗೆ ತೇವ ತಾಕಿದರೆ ಬೂಷ್ಟು ಹಿಡಿಯುವುದು, ಹುಳುವೂ ಬೀಳುವುದು. ಆದುದರಿಂದ ಉಗ್ರಾಣಗಳು ಈ ಸೀಮೆಯಲ್ಲಿಯೇ ಇರಬೇಕು. ಕೊಂಡ ಸರಕಿನ ಮಾರಾಟಕ್ಕೂ ಒಂದು ನಿಯಮವಿರಬೇಕು. ದಸರಾ, ದೀಪಾವಳಿಗಳ ಮುಂಚೆ ಉತ್ತರ ದೇಶದಲ್ಲಿ ಬೇಡಿಕೆ ಏರಿದಾಗ ದಾಸ್ತಾನನ್ನು ಮಿತವಾಗಿ ಬಿಡಬಹುದು. ಮಾರುಕಟ್ಟೆಯ ದರವು ಬೆಂಬಲ ಬೆಲೆಗಿಂತ ಕೆಳಗಿರುವಾಗ ಅದನ್ನು ಹೊರಗೆ ಬಿಟ್ಟರೆ ಒಂದು ಕೈಯಿಂದ ಎತ್ತಿದುದನ್ನು ಇನ್ನೊಂದು ಕೈಯಿಂದ ಅದುಮಿದಂತಾಗುವುದು.

ಮೂರನೆಯದು, ವರ್ತಕರ ಹಳೆಯ ಸರಕು ರೈತರ ಹೆಸರಿನಲ್ಲಿ ಕೇಂದ್ರಕ್ಕೆ ಬರುವುದೆಂಬುದು. 2024ರ ಅನುಭವವು ಈ ಭಯಕ್ಕೆ ಆಧಾರವಾಗಿದೆ. ಇದಕ್ಕೆ ಮದ್ದು, ಕೇಂದ್ರವನ್ನು ಮುಚ್ಚುವುದರಲ್ಲಿಲ್ಲ. ಯಾರ ತೋಟ ಎಷ್ಟು, ಮರಗಳೆಷ್ಟು ಎಂಬ ಗ್ರಾಮದ ಲೆಕ್ಕವು ಮುಂಚಿತವಾಗಿ ಸರಿಯಾಗಿರುವುದರಲ್ಲಿದೆ. ಇದು ಮುಂದಿನ ವಿಷಯಕ್ಕೆ ಎಡೆಮಾಡುತ್ತದೆ.

ಎರಡನೆಯ ಬೇಡಿಕೆ: ಪಹಣಿ, ಮಿತಿ ಮತ್ತು ನೋಂದಣಿ

ಎಕರೆಗೆ 6 ಕ್ವಿಂಟಲಿನ ಮಿತಿಯು ಸಾಧಾರಣ ತೋಟಕ್ಕೆ ಕಡಮೆಯೇನೂ ಅಲ್ಲ. ಎಕರೆಗೆ 50 ಮರ, ಮರಕ್ಕೆ ವರ್ಷಕ್ಕೆ 60 ಕಾಯಿ, ಉಂಡೆಯೊಂದಕ್ಕೆ 125 ಗ್ರಾಂ ತೂಕ ಎಂದಿಟ್ಟುಕೊಂಡರೆ ಎಕರೆಗೆ 3,000 ಕಾಯಿ, ಅಂದರೆ 3 ಕ್ವಿಂಟಲ್ 75 ಕಿಲೋ ಕೊಬ್ಬರಿ ದೊರೆಯುವುದು. ಆದರೆ ರೈತನೊಬ್ಬನಿಗೆ 15 ಕ್ವಿಂಟಲ್ ಎಂಬ ಮಿತಿಯಿಂದ, ಇದೇ ಲೆಕ್ಕದಲ್ಲಿ 5 ಎಕರೆಯ ತೋಟವುಳ್ಳವನ 18 ಕ್ವಿಂಟಲ್ 75 ಕಿಲೋ ಸರಕಿನಲ್ಲಿ 3 ಕ್ವಿಂಟಲ್ 75 ಕಿಲೋ ಹೊರಗುಳಿಯುವುದು. ಎಕರೆವಾರು ಮಿತಿಯೇ ಸಾಕಾಗಿರುವಾಗ ಅದರ ಮೇಲೆ ತಲೆವಾರು ಮಿತಿಯನ್ನೂ ಹೇರಬಾರದೆಂಬುದು ಬೆಳೆಗಾರರ ಕೋರಿಕೆ. ಪ್ರಮಾಣವು ಎಲ್ಲರಿಗೂ ಸಾಲದಿದ್ದಲ್ಲಿ ಮೊದಲು 5 ಎಕರೆಯೊಳಗಿನವರಿಂದ ಕೊಂಡು ಆಮೇಲೆ ದೊಡ್ಡವರ ಕಡೆಗೆ ಬರುವುದು ನ್ಯಾಯವಾಗಿರುವುದು. ದೊಡ್ಡ ಭೂಮಾಲೀಕರು ಇದನ್ನು ಒಪ್ಪಿಕೊಳ್ಳುವುದು ಅವರಿಗೆ ಭೂಷಣ.

ಇದಕ್ಕಿಂತ ದೊಡ್ಡ ತೊಡಕು ಪಹಣಿಯದು. ನೋಂದಣಿಗೆ ಫ್ರೂಟ್ಸ್ ಸಂಖ್ಯೆ ಬೇಕು. ಆ ಸಂಖ್ಯೆಗೆ ಪಹಣಿಯಲ್ಲಿ ಹೆಸರಿರಬೇಕು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಖಾತೆಯು ನಿಂತಿರುವ ತೋಟಗಳು ಹಳ್ಳಿಹಳ್ಳಿಗಳಲ್ಲಿಯೂ ಉಂಟು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ ಬೇರೆಬೇರೆ ಸಾಗುವಳಿ ಮಾಡುತ್ತಿದ್ದರೂ ಕಾಗದದ ಮೇಲೆ ತೋಟವು ಒಂದೇ. ಗಂಡನನ್ನು ಕಳೆದುಕೊಂಡ ಹೆಂಗಸು ತಾನೇ ನಿಂತು ಕಾಯಿ ಕೀಳಿಸಿ, ಸುಲಿಸಿ, ಕೊಬ್ಬರಿ ಮಾಡಿಸಿದರೂ ಖರೀದಿ ಕೇಂದ್ರದ ಮುಂದೆ ಅವಳು ಬೆಳೆಗಾರಳಾಗುವುದಿಲ್ಲ. ಪೌತಿ ಖಾತೆಯ ಕೆಲಸವನ್ನು ಗ್ರಾಮದಲ್ಲಿಯೇ, ಗೊತ್ತಾದ ದಿನಗಳೊಳಗೆ, ತಾಲ್ಲೂಕು ಕಚೇರಿಗೆ ಅಲೆಯದಂತೆ ಮುಗಿಸಿಕೊಡಬೇಕೆಂಬುದು ಆದುದರಿಂದಲೇ ಕೊಬ್ಬರಿಯ ಬೆಲೆಗೆ ಸಂಬಂಧಿಸಿದ ಬೇಡಿಕೆಯಾಗಿದೆ.

ಮೂರನೆಯ ಬೇಡಿಕೆ: ಮರದ ಬೆಲೆಗೆ ತಕ್ಕ ವಿಮೆ

1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯವರು 2009–10ನೆಯ ಸಾಲಿನಿಂದ ತೆಂಗಿನ ಮರಗಳಿಗೆ ವಿಮೆಯ ಏರ್ಪಾಡನ್ನು ಪ್ರಾಯೋಗಿಕವಾಗಿ ಆರಂಭಿಸಿದರು. 16ರಿಂದ 60 ವರ್ಷದ ಮರಕ್ಕೆ ವಾರ್ಷಿಕ ಕಂತು 14 ರೂಪಾಯಿ ಎಂದೂ, ಅದರಲ್ಲಿ ಅರ್ಧವನ್ನು ಮಂಡಳಿ, ಕಾಲುಭಾಗವನ್ನು ರಾಜ್ಯ ಸರ್ಕಾರ, ಉಳಿದ ಕಾಲುಭಾಗವನ್ನು ರೈತನು ಕೊಡತಕ್ಕದ್ದೆಂದೂ ಗೊತ್ತುಮಾಡಲಾಗಿದ್ದಿತು. ರೈತನ ಪಾಲಿಗೆ ಬಂದುದು ಮೂರೂವರೆ ರೂಪಾಯಿ. ಇದರಷ್ಟು ಸುಲಭವಾದ ವಿಮೆ ಬೇರೊಂದಿಲ್ಲ. ಆದರೆ ಮರವು ಸತ್ತರೆ ದೊರೆಯತಕ್ಕ ಹಣವು 1,750 ರೂಪಾಯಿ. ಹದಿನೈದು ವರ್ಷದೊಳಗಿನ ಮರಕ್ಕೆ 900 ರೂಪಾಯಿ.

ಹಿಂದಿನ ಲೆಕ್ಕದಂತೆ 60 ಕಾಯಿಯ ಮರದಿಂದ ವರ್ಷಕ್ಕೆ ಏಳೂವರೆ ಕಿಲೋ ಕೊಬ್ಬರಿ. 2026ನೆಯ ಸಾಲಿನ ಬೆಂಬಲ ಬೆಲೆಯ ಮೇಲೆ ಅದರ ಬೆಲೆ 937 ರೂಪಾಯಿ 50 ಪೈಸೆ. ಖರ್ಚನ್ನು ಕಳೆಯದೆ ನೋಡಿದರೂ ವಿಮೆಯ ಹಣವು ಎರಡು ವರ್ಷದ ಹುಟ್ಟುವಳಿಗೆ ಸಮನಾಗುವುದಿಲ್ಲ. ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿಯು ಫಲಕ್ಕೆ ಬರುವುದಕ್ಕೆ ಆರೇಳು ವರ್ಷ ಬೇಕು. ವಿಮೆಯ ಮೊತ್ತವನ್ನು ಈ ಆರೇಳು ವರ್ಷಗಳ ಹುಟ್ಟುವಳಿಗೆ ಸರಿಯಾಗಿ ಏರಿಸಬೇಕು. ಅದಕ್ಕೆ ಕಂತು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ ಎಂಬುದು ತಿಳಿದ ಬೆಳೆಗಾರರ ಅಭಿಪ್ರಾಯ.

ನಾಲ್ಕನೆಯ ಬೇಡಿಕೆ: ಊರಿಗೆ ಊರೇ ಸೇರಿ ಮಾಡುವ ಕೀಟ ನಿವಾರಣೆ

ಕಪ್ಪುತಲೆ ಹುಳುವು ಗರಿಯ ಅಡಿಭಾಗದ ಹಸುರನ್ನು ಕೆರೆದು ತಿನ್ನುವುದು. ಆಗ ತೋಟವು ಬೆಂಕಿ ತಗುಲಿದಂತೆ ಕಾಣುವುದು. ಎತ್ತರವಾದ ಮರಗಳಿಗೆ ಔಷಧಿ ಸಿಂಪಡಿಸುವುದು ಕಷ್ಟ; ಸಿಂಪಡಿಸಿದರೂ ಹುಳುವಿನ ಶತ್ರುಗಳಾದ ಉಪಕಾರಿ ಕೀಟಗಳು ಸಾಯುವುವು. ಆದುದರಿಂದ ಗೋನಿಯೋಜಸ್ ಎಂಬ ಪರತಂತ್ರ ಕಣಜವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ತೋಟದಲ್ಲಿ ಬಿಡುವುದೇ ಸರಿಯಾದ ಕ್ರಮ. ಮರವೊಂದಕ್ಕೆ ಸುಮಾರು 20 ಕಣಜಗಳಂತೆ 15 ದಿನಗಳಿಗೊಮ್ಮೆ ನಾಲ್ಕು ಬಾರಿ ಬಿಡಬೇಕು. 50 ಮರದ ಎಕರೆಗೆ 4,000 ಕಣಜಗಳು ಬೇಕು. 500 ಎಕರೆ ತೋಟವುಳ್ಳ ಒಂದು ಗ್ರಾಮಕ್ಕೆ 20 ಲಕ್ಷ ಬೇಕು.

ಒಬ್ಬನ ತೋಟದಲ್ಲಿ ಬಿಟ್ಟು ಪಕ್ಕದ ತೋಟವನ್ನು ಹಾಗೆಯೇ ಬಿಟ್ಟರೆ ಹುಳುವು ಬೇಲಿಯನ್ನು ದಾಟಿ ಮತ್ತೆ ಬರುವುದು. ಆದುದರಿಂದ ಕಣಜಗಳನ್ನು ಬೆಳೆಸುವ ಪ್ರಯೋಗಶಾಲೆಗಳು ಹೋಬಳಿಗೊಂದರಂತೆ ಬೇಕು. ಅವುಗಳನ್ನು ಗ್ರಾಮದ ಎಲ್ಲಾ ತೋಟಗಳಿಗೂ ಒಂದೇ ಕಾಲದಲ್ಲಿ, ಅರ್ಜಿಗೆ ಕಾಯದೆ ಹಂಚಬೇಕು ಎಂಬುದು ನಾಲ್ಕನೆಯ ಬೇಡಿಕೆ. ವಿದ್ಯಾವಂತರಾದ ಗ್ರಾಮದ ಯುವಕರಿಗೂ ಸ್ತ್ರೀಸಂಘಗಳಿಗೂ ಈ ಕೆಲಸವನ್ನು ಕಲಿಸಿಕೊಟ್ಟರೆ ಅವರಿಗೆ ಜೀವನೋಪಾಯವೂ ಆಗುವುದು. ಕಲಿಯಬಯಸುವವರು ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನು ಪಡೆಯಬಹುದು.

ಗ್ರಾಮದ ಮುಖಂಡರೂ ಭೂಮಾಲೀಕರೂ ಮಾಡತಕ್ಕ ಕಾರ್ಯಗಳು

ಮೇಲೆ ಹೇಳಿದ ಏರ್ಪಾಡುಗಳು ಸರ್ಕಾರದಿಂದ ಬರಬೇಕಾದುವು. ಆದರೆ ಅವು ಬಂದಾಗ ಗ್ರಾಮವು ಸಿದ್ಧವಾಗಿರದಿದ್ದರೆ ಪ್ರಯೋಜನವಿಲ್ಲ. ಅದಕ್ಕಾಗಿ ಈ ಕೆಳಗಿನ ಕಾರ್ಯಗಳನ್ನು ಕೂಡಲೇ ಕೈಗೊಳ್ಳಬಹುದು.

ಒಂದು: ಗ್ರಾಮದಲ್ಲಿ ತೀರಿಹೋದವರ ಹೆಸರಿನಲ್ಲಿ ನಿಂತಿರುವ ತೆಂಗಿನ ತೋಟಗಳ ಪಟ್ಟಿಯನ್ನು ತಯಾರಿಸಿ, ವಾರಸುದಾರರನ್ನು ಒಂದೆಡೆ ಕೂರಿಸಿ, ಒಪ್ಪಂದಮಾಡಿಸಿ, ಪೌತಿ ಖಾತೆಗೆ ಅರ್ಜಿಗಳನ್ನು ಒಟ್ಟಿಗೆ ಸಲ್ಲಿಸತಕ್ಕದ್ದು. ಅಣ್ಣತಮ್ಮಂದಿರ ವ್ಯಾಜ್ಯವನ್ನು ಊರ ಹಿರಿಯರು ತೀರಿಸಬಲ್ಲಷ್ಟು ಸುಲಭವಾಗಿ ಯಾವ ಕಚೇರಿಯೂ ತೀರಿಸಲಾರದು.

ಎರಡು: ಬೆಳೆ ಸಮೀಕ್ಷೆಗೆ ಬರುವವರು ತೋಟಕ್ಕೆ ಬಾರದೆ ಊರಬಾಗಿಲಿನಲ್ಲಿಯೇ ಬರೆದುಕೊಂಡು ಹೋಗಲು ಬಿಡಬಾರದು. ತೆಂಗಿನ ಜೊತೆಗೆ ಅಡಕೆ, ಬಾಳೆಗಳಿದ್ದಲ್ಲಿ ತೆಂಗು ದಾಖಲೆಯಿಂದ ಬಿಟ್ಟುಹೋಗದಂತೆ ಮಾಲೀಕನು ಜೊತೆಯಲ್ಲಿ ನಿಂತು ಬರೆಯಿಸತಕ್ಕದ್ದು. ತೋಟವಿಲ್ಲದವನ ಹೆಸರು ಸೇರಿದ್ದರೆ ಮುಖಂಡರು ಅದನ್ನು ಮುಚ್ಚಿಡದೆ ತಿಳಿಸಬೇಕು. ಒಬ್ಬ ಸುಳ್ಳು ಬೆಳೆಗಾರನ 15 ಕ್ವಿಂಟಲ್ ಒಬ್ಬ ನಿಜವಾದ ಬೆಳೆಗಾರನ 15 ಕ್ವಿಂಟಲನ್ನು ಹೊರಗೆ ತಳ್ಳುವುದು.

ಮೂರು: ಪೂರ್ಣವಾಗಿ ಬಲಿಯದ ಕಾಯಿಯನ್ನು ಆತುರದಿಂದ ಕೀಳಿಸುವುದನ್ನೂ, ಅಟ್ಟದಲ್ಲಿ ಸಾಕಷ್ಟು ಕಾಲವಿರಿಸದೆ ಒಡೆಸುವುದನ್ನೂ ನಿಲ್ಲಿಸತಕ್ಕದ್ದು. ತೇವವುಳ್ಳ ಉಂಡೆಯು ಖರೀದಿ ಕೇಂದ್ರದಲ್ಲಿಯೂ ತಿರಸ್ಕೃತವಾಗುವುದು, ಮಂಡಿಯಲ್ಲಿಯೂ ಬೆಲೆ ಕಳೆದುಕೊಳ್ಳುವುದು. ಸಣ್ಣವೂ ಒಡಕಾದುವೂ ಆದ ಉಂಡೆಗಳನ್ನು ಬೇರೆ ಮಾಡಿ ಮಾರಿದರೆ ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ ನಿಲ್ಲುವುದು.

ನಾಲ್ಕು: ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಲಿಖಿತ ನಿರ್ಣಯದ ರೂಪದಲ್ಲಿ ಅಂಗೀಕರಿಸಿ ತಾಲ್ಲೂಕು ಮತ್ತು ಜಿಲ್ಲಾ ಅಧಿಕಾರಿಗಳಿಗೂ, ವಿಧಾನಸಭೆ ಮತ್ತು ಲೋಕಸಭೆಗಳ ಸದಸ್ಯರಿಗೂ ಕಳುಹಿಸತಕ್ಕದ್ದು. ಗ್ರಾಮದಲ್ಲಿ ತೋಟಗಳೆಷ್ಟು ಎಕರೆ, ಮರಗಳೆಷ್ಟು, ಕಳೆದ ಬಾರಿ ನೋಂದಣಿಯಾದವರೆಷ್ಟು ಮಂದಿ, ಆಗದೆ ಉಳಿದವರೆಷ್ಟು ಮಂದಿ ಎಂಬ ಅಂಕಿಗಳು ನಿರ್ಣಯದೊಡನೆ ಇರಬೇಕು. ಮತ ಕೇಳುವುದಕ್ಕೆ ಯಾವ ಪಕ್ಷದವರು ಬಂದರೂ ಇದೇ ಕಾಗದವನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ಯಾವುದನ್ನು ಯಾವ ವರ್ಷದೊಳಗೆ ಮಾಡಿಸುವಿರಿ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಉಂಟು.

ದೇಶದ ಕೊಬ್ಬರಿಯ ಉತ್ಪನ್ನದಲ್ಲಿ ಕರ್ನಾಟಕದ ಪಾಲು ಸುಮಾರು ಮೂರನೆಯ ಒಂದು ಭಾಗವೆಂದು ಭಾರತ ಸರ್ಕಾರದವರ 2024ರ ಡಿಸೆಂಬರ್ ತಿಂಗಳ ಪ್ರಕಟಣೆಯಿಂದ ತಿಳಿಯುವುದು. ಅಷ್ಟು ದೊಡ್ಡ ಪಾಲುಳ್ಳ ಸೀಮೆಯ ಬೆಳೆಗಾರರು ಕೇಳುತ್ತಿರುವುದು ದಾನವನ್ನಲ್ಲ. ಸರ್ಕಾರವೇ ಲೆಕ್ಕಹಾಕಿ ನ್ಯಾಯವೆಂದು ಸಾರಿದ ಬೆಲೆಯು ಸಾಲಿನ ಕೊನೆಯಲ್ಲಿ ನಿಂತವನಿಗೂ, ವರ್ಷದ ಕೊನೆಯಲ್ಲಿ ಸರಕು ತಂದವನಿಗೂ ದೊರೆಯಲಿ ಎಂಬುದಷ್ಟೇ ಅವರ ಕೋರಿಕೆ. ಗ್ರಾಮದ ಮುಖಂಡರು ಮುಂದಿನ ಗ್ರಾಮಸಭೆಯಲ್ಲಿಯೇ ಈ ವಿಷಯವನ್ನೆತ್ತಿ, ತಮ್ಮ ಊರಿನ ಅಂಕಿಗಳನ್ನು ಸಿದ್ಧಪಡಿಸುವರೆಂದು ನಂಬಲಾಗಿದೆ.